26 ಸಲ ‘ಐ ನೋ’: ಈ ಎರಡು ನಿಮಿಷದ ಹಾಡು ಯಾಕೆ ಬಿಡ್ತಾ ಇಲ್ಲ?

ಹಳೇರೇಡಿಯೋ
ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದೆ. ಫೋನು ಕಿಟಕಿ ಕಟ್ಟೆಯ ಮೇಲೆ ತನ್ನ ಪಾಡಿಗೆ ಒಂದಾದ ಮೇಲೊಂದು ಹಾಡು ಹಾಕಿಕೊಂಡು ಹೋಗುತ್ತಿತ್ತು. ಇದ್ದಕ್ಕಿದ್ದ ಹಾಗೆ ‘ಏಂಟ್ ನೋ ಸನ್‌ಶೈನ್’ ಬಂತು. ಈ ಹಾಡಿಗೆ ಮೊದಲಲ್ಲಿ ವಾದ್ಯಸಂಗೀತ ಇಲ್ಲ. ಬಾಗಿಲು ತಟ್ಟದೆ ಒಳಗೆ ಬರೋ ನೆಂಟರ ಹಾಗೆ ಶುರುವಿನಲ್ಲೇ ಅಮೆರಿಕದ ಹಾಡುಗಾರ ಬಿಲ್ ವಿದರ್ಸ್ ದನಿ. ಕೈಯಲ್ಲಿ ಸೋಪಿನ ನೊರೆ, ನಲ್ಲಿ ಹರಿಯುತ್ತಾ ಇದೆ, ನಾನು ಸುಮ್ನೆ ನಿಂತಿದ್ದೆ. ಕೈ ಒರೆಸಿಕೊಂಡು ಇನ್ನೊಂದು ಸಲ ಹಾಕೋಣ ಅನ್ನುವಷ್ಟರಲ್ಲಿ ಮುಗಿದೇ ಹೋಗಿತ್ತು. ಎರಡು ನಿಮಿಷದ ಮೇಲೆ ಒಂದಿಷ್ಟು ಸೆಕೆಂಡು, ಅಷ್ಟೇ.

1971ರ ಹಾಡು. ನಾನು ಹುಟ್ಟೋಕೆ ಮುಂಚಿನದು. ಅವಳು ಹೋದರೆ ಬಿಸಿಲಿಲ್ಲ, ಅವಳಿಲ್ಲದ ಮನೆ ಮನೆಯಲ್ಲ, ಹೋದವಳು ಬೇಗ ಬರಲ್ಲ. ಹೇಳೋದು ಇಷ್ಟು. ಯಾಕೆ ಹೋದಳು? ಒಂದು ಮಾತೂ ಇಲ್ಲ. ಅವಳ ಹೆಸರಿಲ್ಲ, ಕಣ್ಣು ಹೇಗೆ, ಕೂದಲು ಹೇಗೆ ಅಂತಿಲ್ಲ. ನಡುವೆ ವಾದ್ಯಗಳೆಲ್ಲ ಹಿಂದಕ್ಕೆ ಸರಿದು ಡ್ರಮ್ ಮತ್ತು ದನಿ ಮಾತ್ರ ಉಳಿಯುತ್ತೆ. ಅಲ್ಲಿ ‘ಐ ನೋ’ ಅಂತ 26 ಸಲ ಹೇಳ್ತಾನೆ. ಬೇರೆ ಯಾರಾದರೂ ಇಷ್ಟು ಸಲ ಒಂದೇ ಮಾತು ಹೇಳಿದ್ದರೆ ನಾನು ಮುಂದಿನ ಹಾಡಿಗೆ ಹೋಗ್ತಿದ್ದೆ. ಇಲ್ಲಿ ಮಾತ್ರ ಆಗಲ್ಲ. ಯಾಕೆ ಅಂತ ಯಾರಾದರೂ ಹೇಳ್ತೀರಾ?

ಸುಮ್ನೆಓದುಗ
ಇದು ಮೈಕಲ್ ಜಾಕ್ಸನ್ ಹಾಡು ಅಲ್ವಾ?

ಮೂರನೇತಂತಿ
ಅಲ್ಲ ಗುರು. ಮೈಕಲ್ ಹಾಡಿದ್ದು ಆಮೇಲೆ. 1972ರಲ್ಲಿ ಬಂದ ಅವನ ಮೊದಲ ಸೋಲೋ ಆಲ್ಬಮ್‌ನಲ್ಲಿ ಇದೆ. ಆಗ ಅವನಿಗೆ 13 ವರ್ಷ. ಶುರುವಿನಲ್ಲಿ ಒಂದಿಷ್ಟು ಮಾತಾಡಿ ಆಮೇಲೆ ಹಾಡ್ತಾನೆ. ಹುಡುಗ ಚೆನ್ನಾಗೇ ಹಾಡಿದ್ದಾನೆ, ಸುಳ್ಳು ಹೇಳಬಾರದು. ಆದರೆ ಆ ಮಾತು ಬೇಕಿರಲಿಲ್ಲ. ಬೇಡ ಅಂತ ಗೊತ್ತಿದ್ದೂ ಬೇಕು ಅನ್ನಿಸೋ ವಿಷಯವನ್ನು ಮೊದಲೇ ಬಿಡಿಸಿ ಹೇಳಿಬಿಟ್ಟರೆ ಹಾಡಿಗೆ ಏನು ಉಳೀತು?

ಬರೆದವನು, ಮೊದಲು ಹಾಡಿದವನು ವಿದರ್ಸ್. ಆಲ್ಬಮ್ ಹೆಸರು ‘ಜಸ್ಟ್ ಆಸ್ ಐ ಆಮ್’, ಸಸೆಕ್ಸ್ ಅನ್ನೋ ಸಣ್ಣ ಕಂಪನಿ ತಂದಿದ್ದು. ಆಗ ಅವನಿಗೆ 32. ಹಿನ್ನೆಲೆಯಲ್ಲಿ ಯಾರಿದ್ದಾರೆ ನೋಡಿ. ನಿರ್ಮಾಪಕ ಬೂಕರ್ ಟಿ. ಜೋನ್ಸ್, ಬೇಸ್ ಡೊನಾಲ್ಡ್ ‘ಡಕ್’ ಡನ್, ಡ್ರಮ್ ಆಲ್ ಜಾಕ್ಸನ್ ಜೂನಿಯರ್. ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಯಲ್ಲಿ ಗಾಯಕ ಓಟಿಸ್ ರೆಡ್ಡಿಂಗ್‌ಗೆ ನುಡಿಸಿದ ಕೈಗಳು ಇವೇ. ಗಿಟಾರ್ ಸ್ಟೀಫನ್ ಸ್ಟಿಲ್ಸ್. ಇಂಥ ದೊಡ್ಡವರೆಲ್ಲ ಕೂತು ಎಷ್ಟು ಕಡಿಮೆ ನುಡಿಸಿದ್ದಾರೆ ಅನ್ನೋದನ್ನ ಒಮ್ಮೆ ಗಮನ ಇಟ್ಟು ಕೇಳಿ. ನನಗಂತೂ ಹೊಟ್ಟೆಕಿಚ್ಚಾಗೋದು ಅದಕ್ಕೇ. ನಾನಾಗಿದ್ದರೆ ಎರಡನೇ ಸಾಲಿಗೇ ಒಂದು ಸೋಲೋ ಹಾಕಿ ಹಾಳು ಮಾಡ್ತಿದ್ದೆ.

ಮೊದಲು ಇದನ್ನ ‘ಹಾರ್ಲೆಮ್’ ಅನ್ನೋ ಹಾಡಿನ ಹಿಂಬದಿಗೆ ಹಾಕಿದ್ದರು. ಅಂದರೆ ತಟ್ಟೆಯ ಬಿ ಸೈಡ್. ರೇಡಿಯೋ ಡಿಜೆಗಳು ತಟ್ಟೆ ಮಗುಚಿ ಹಾಕಿದರು, ಕೇಳುಗರು ಅದನ್ನೇ ಹಿಡಿದುಕೊಂಡರು. ಬಿಲ್‌ಬೋರ್ಡ್ ಅನ್ನೋ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯ್ತು. 1972ರಲ್ಲಿ ಗ್ರ್ಯಾಮಿ.

ಹಳೇರೇಡಿಯೋ
26 ಸಲದ ಕಥೆ ಗೊತ್ತಲ್ವಾ? ಅಲ್ಲಿ ಇನ್ನೊಂದು ಚರಣ ಬರೀಬೇಕಿತ್ತು. ವಿದರ್ಸ್ ಇನ್ನೂ ಬರೆದಿರಲಿಲ್ಲ. ಜಾಗ ತುಂಬೋಕೆ ‘ಐ ನೋ, ಐ ನೋ’ ಅಂತ ಹೇಳ್ತಾ ಹೋದ. ಆಮೇಲೆ ಬರೆದು ಹಾಕ್ತೀನಿ ಅಂದಾಗ ಸ್ಟುಡಿಯೋದಲ್ಲಿದ್ದವರು ಬೇಡ, ಹೀಗೇ ಇರಲಿ ಅಂದರು. ಅವರೆಲ್ಲ ಪಳಗಿದ ಕೈಗಳು, ನಾನು ಕಾರ್ಖಾನೆಯವನು, ಬಿಡು ಅಂದರು, ಬಿಟ್ಟೆ ಅನ್ನೋ ಧಾಟಿಯಲ್ಲಿ ಅವನೇ ಆಮೇಲೆ ಹೇಳಿಕೊಂಡಿದ್ದಾನೆ.

ಖಾರದಪುಡಿ
ಅಂದರೆ ಹೋಮ್‌ವರ್ಕ್ ಮಾಡದೆ ಬಂದಿದ್ದಕ್ಕೆ ಗ್ರ್ಯಾಮಿ.

ಎರಡನೇಶಿಫ್ಟ್
ಖಾರದಪುಡಿ ಅವರೇ, ನಗು ಬಂತು. ಆದರೆ ಆ ಹೋಮ್‌ವರ್ಕ್ ಮಾಡದವನು ಎಲ್ಲಿಂದ ಬಂದ ಅಂತಲೂ ನೋಡಿ.

ನಾನು ಪೀಣ್ಯದಲ್ಲಿ ಲೇತ್ ಮೇಲೆ 14 ವರ್ಷ ಕೆಲಸ ಮಾಡಿದವನು. ಇಂಗ್ಲಿಷ್ ಹಾಡು ನನಗೆ ಅಷ್ಟಕ್ಕಷ್ಟೇ. ಈ ಆಲ್ಬಮ್ ಕೇಳಿದ್ದು ಹಾಡಿಗಾಗಿ ಅಲ್ಲ, ಹೊದಿಕೆಯ ಫೋಟೋ ನೋಡಿ. ಇಟ್ಟಿಗೆ ಗೋಡೆ ಪಕ್ಕ ಒಬ್ಬ ಮನುಷ್ಯ ನಿಂತಿದ್ದಾನೆ, ಕೈಯಲ್ಲಿ ಊಟದ ಡಬ್ಬಿ. ಪೋಸು ಕೊಡೋಕೆ ಯಾರೋ ತಂದುಕೊಟ್ಟ ಡಬ್ಬಿ ಅಲ್ಲ ಅದು. ಅವನು ಕೆಲಸ ಮಾಡ್ತಿದ್ದ ಕಾರ್ಖಾನೆಯಲ್ಲೇ, ಊಟದ ಬಿಡುವಿನಲ್ಲೇ ತೆಗೆದ ಫೋಟೋ. ಅಲ್ಲಿ ಅವನ ಕೆಲಸ ಏನು ಗೊತ್ತಾ? ಬೋಯಿಂಗ್ 747 ವಿಮಾನಕ್ಕೆ ಟಾಯ್ಲೆಟ್ ಮಾಡೋದು. ಅದಕ್ಕೆ ಮುಂಚೆ ನೌಕಾಪಡೆಯಲ್ಲಿ 9 ವರ್ಷ. ಹುಟ್ಟಿದ್ದು ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಅನ್ನೋ ಕಲ್ಲಿದ್ದಲ ಗಣಿ ಊರಿನಲ್ಲಿ. ಅಪ್ಪ ಗಣಿ ಕೆಲಸದವರು, ಇವನಿಗೆ 13 ಆದಾಗ ತೀರಿಕೊಂಡರು. ಚಿಕ್ಕಂದಿನಿಂದ ತೊದಲು ಬೇರೆ.

ಹಾಡು ಹಿಟ್ ಆಗೋ ಹೊತ್ತಿಗೂ ಕೆಲಸ ಬಿಡೋಕೆ ಮನಸ್ಸಿರಲಿಲ್ಲವಂತೆ. ಇದು ನನಗೆ ಸರಿಯಾಗಿ ಅರ್ಥ ಆಗುತ್ತೆ. ಹಾಡು ಇವತ್ತು ಇರುತ್ತೆ, ನಾಳೆ ಇರಲ್ಲ. ಸಂಬಳ ಒಂದನೇ ತಾರೀಖು ಬರುತ್ತೆ. ಹಾಡು ಮಾರಾಟದಲ್ಲಿ ಗೋಲ್ಡ್ ಮಟ್ಟ ಮುಟ್ಟಿದಾಗ ರೆಕಾರ್ಡ್ ಕಂಪನಿಯವರು ಚಿನ್ನದ ಬಣ್ಣದ ಟಾಯ್ಲೆಟ್ ಸೀಟ್ ಉಡುಗೊರೆ ಕೊಟ್ಟರಂತೆ. ನಮ್ಮ ಶಾಪ್‌ನಲ್ಲೂ ಇಂಥ ತಮಾಷೆನೇ ಮಾಡೋರು.

ಬೂಕರ್ ಟಿ. ಹೇಳಿದ ಇನ್ನೊಂದು ಕಥೆ ಇದೆ. ಮೊದಲ ದಿನ ಇವನು ಹಳೇ ಬೂಟು ಹಾಕಿಕೊಂಡು, ಲಡಕಾಸಿ ಕಾರಿನಲ್ಲಿ, ಹಾಡು ಬರೆದ ನೋಟ್‌ಬುಕ್ ಹಿಡಿದು ಬಂದನಂತೆ. ಸ್ಟುಡಿಯೋದಲ್ಲಿ ಅಷ್ಟು ಜನ ಕೂತಿರೋದು ನೋಡಿ ಬೂಕರ್‌ನ ಪಕ್ಕಕ್ಕೆ ಕರೆದು, ‘ಈ ಹಾಡೆಲ್ಲ ಯಾರು ಹಾಡ್ತಾರೆ?’ ಅಂತ ಕೇಳಿದನಂತೆ. ನೀನೇ ಅಂದರಂತೆ. ನನಗೆ ಇಡೀ ಕಥೆಯಲ್ಲಿ ಇದೇ ಇಷ್ಟ. ಆ ದನಿಯಲ್ಲಿ ಹಾಡುಗಾರನ ಗತ್ತು ಇಲ್ಲದೇ ಇರೋದು ಇದಕ್ಕೇ ಇರಬೇಕು. ಶಿಫ್ಟ್ ಮುಗಿಸಿ ಮನೆಗೆ ಬಂದು, ಲೈಟ್ ಹಾಕದೆ ಕೂತವನು ಮಾತಾಡಿದ ಹಾಗಿದೆ.

ಬಿಸಿಲೂರು
ಎಲ್ಲಾ ಸರಿ ರೀ. ಆದ್ರ ಒಂದು ಪ್ರಶ್ನೆ. ಅವಳು ಹೋದ್ರ ಬಿಸಿಲು ಇರಂಗಿಲ್ಲ ಅಂದ್ರ ದುಃಖ ಯಾಕ್ರೀ? ನಮ್ಮ ರಾಯಚೂರಾಗ ಏಪ್ರಿಲ್ ತಿಂಗಳದಾಗ ಹಂಗೇನರ ಆದ್ರ ಊರಿಗೆಲ್ಲ ಹೋಳಿಗಿ ಹಂಚತೀವಿ.

ಸುಮ್ನೆಓದುಗ
😂😂

ಕಾಫಿತೋಟ
ಬಿಸಿಲೂರು ಅವರೇ, ಒಂದು ಸಲ ಜುಲೈನಲ್ಲಿ ನಮ್ಮ ಕಡೆ ಬನ್ನಿ. ಮಡಿಕೇರಿಯಿಂದ ಇನ್ನೂ ಒಳಗೆ ನಮ್ಮ ಮನೆ. ಮಳೆ ಹಿಡಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣಲ್ಲ. ಬಟ್ಟೆ ಒಣಗಲ್ಲ, ಒಲೆ ಮೇಲೆ ಹಗ್ಗ ಕಟ್ಟಿ ಹೊಗೆಯಲ್ಲಿ ಒಣಗಿಸೋದು. ಚಪ್ಪಲಿಗೆ ಬೂಸ್ಟು. ಎಲ್ಲೋ ಒಂದು ಬೆಳಿಗ್ಗೆ ಹತ್ತು ನಿಮಿಷ ಬಿಸಿಲು ಬಿದ್ದರೆ ಮನೆಮಂದಿ ಎಲ್ಲಾ ಅಂಗಳಕ್ಕೆ ಬಂದು ನಿಲ್ತೇವೆ. ಮಾತಿಲ್ಲ, ಸುಮ್ಮನೆ ನಿಲ್ಲೋದು. ನನಗೆ ಆ ಹಾಡು ಅರ್ಥ ಆಗಿದ್ದು ಅಲ್ಲೇ.

ಪದಪದಾರ್ಥ
ಬಿಸಿಲೂರು ತಮಾಷೆಗೆ ಹೇಳಿದರೂ ಅಲ್ಲಿ ದೊಡ್ಡ ವಿಷಯ ಇದೆ. ನಾನು ಈ ಹಾಡನ್ನ ಕನ್ನಡಕ್ಕೆ ತರೋಕೆ ಎರಡು ಸಲ ಕೂತು ಎರಡು ಸಲ ಎದ್ದಿದ್ದೇನೆ. ಮೊದಲ ಪದಕ್ಕೇ ಗಾಡಿ ನಿಲ್ಲುತ್ತೆ. ನಮ್ಮಲ್ಲಿ ಬಿಸಿಲು ಅಂದರೆ ಕಷ್ಟ. ಬಿಸಿಲಲ್ಲಿ ಬೆಂದು ಬಂದೆ ಅಂತೀವಿ. ಪ್ರೀತಿಗೆ, ಆಸರೆಗೆ ನಾವು ಹೇಳೋದು ನೆರಳು, ತಂಪು. ‘ಅವರ ನೆರಳಲ್ಲಿ ಬೆಳೆದೆ’, ‘ಹೊಟ್ಟೆ ತಂಪಾಗಿರಲಿ’. ನಮ್ಮ ಹಳೇ ಕಾವ್ಯದ ವಿರಹಿಗಳಿಗಂತೂ ಬೆಳದಿಂಗಳೇ ಬೆಂಕಿ. ಅವರ ಕಡೆ ಚಳಿಗಾಲ ಉದ್ದ, ಬಿಸಿಲು ಬಂತು ಅಂದರೆ ಜೀವ ಬಂತು. ‘ಅವಳಿಲ್ಲದಾಗ ಬಿಸಿಲಿಲ್ಲ’ ಅಂತ ನೇರವಾಗಿ ಬರೆದರೆ ರಾಯಚೂರಿನಲ್ಲಿ ಹೋಳಿಗೆ ಹಂಚೋದು ಗ್ಯಾರಂಟಿ. ‘ಎಳೆಬಿಸಿಲು’ ಅಂದರೆ ಸ್ವಲ್ಪ ಹತ್ತಿರ ಹೋಗಬಹುದು. ಆದರೆ ಅದು ತುಂಬಾ ಮುದ್ದು ಪದ. ಶೀರ್ಷಿಕೆಯಲ್ಲಿರೋ ‘ಏಂಟ್’ ಪುಸ್ತಕದ ಇಂಗ್ಲಿಷ್ ಅಲ್ಲ, ಬೀದಿಯದು. ಮೇಷ್ಟ್ರು ಕೆಂಪು ಗೆರೆ ಎಳೆಯೋ ಪದ. ಅದರ ಪಕ್ಕ ಎಳೆಬಿಸಿಲು ಕೂರಲ್ಲ.

ಎರಡನೇ ಕಷ್ಟ ‘ಮನೆ’. ಅವರಿಗೆ ಹೌಸ್ ಬೇರೆ, ಹೋಮ್ ಬೇರೆ. ನಮಗೆ ಎರಡೂ ಮನೆನೇ. ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ನಮ್ಮ ಅತ್ತೆ ಫೋನಿನಲ್ಲಿ ಯಾರ ಹತ್ತಿರವೋ ಹೇಳ್ತಾ ಇದ್ದರು: ‘ಮಗಳು ಊರಿಗೆ ಹೋದಾಗಿಂದ ಮನೆ ಭಣಗುಟ್ಟುತ್ತೆ ಕಣೇ.’ ಮುಗೀತು. ವಿದರ್ಸ್ ಒಂದು ಸಾಲಿನಲ್ಲಿ ಹೇಳಿದ್ದನ್ನ ನಮ್ಮತ್ತೆ ಒಂದೇ ಪದದಲ್ಲಿ ಹೇಳಿಬಿಟ್ಟರು.

ಕಾಫಿತೋಟ
ನಾವು ‘ಬಿಕೋ ಅನ್ನುತ್ತೆ’ ಅಂತೇವೆ.

ಪದಪದಾರ್ಥ
ಬಿಕೋ ಅನ್ನೋದು ಜನ ಇಲ್ಲದ ಬೀದಿಗೆ ಚೆನ್ನ. ಭಣಗುಟ್ಟೋದು ಒಳಗಿನದು. ಹೀಗಂತ ನನ್ನ ಲೆಕ್ಕ, ಜಗಳಕ್ಕೆ ಬರಬೇಡಿ.

ಮೂರನೇ ಕಷ್ಟವೇ ಆ 26 ಸಲ. ‘ಐ ನೋ’ ಅಂದರೆ ‘ಗೊತ್ತು’. ಸರಿ. ಆದರೆ ಕನ್ನಡದಲ್ಲಿ ‘ಗೊತ್ತು ಗೊತ್ತು ಗೊತ್ತು’ ಅಂತ ನಾವು ಯಾವಾಗ ಹೇಳ್ತೀವಿ? ಅಮ್ಮ ಬುದ್ಧಿ ಹೇಳುವಾಗ. ಹೊರಗೆ ಹೊರಟಾಗ ಹೆಲ್ಮೆಟ್ ಹಾಕು, ಬೇಗ ಬಾ, ಅವನ ಜೊತೆ ಸೇರಬೇಡ ಅಂದಾಗ. ‘ಗೊತ್ತೂ ಗೊತ್ತೂ’ ಅಂದರೆ ‘ಸಾಕು ಬಿಡು’ ಅಂತ ಅರ್ಥ. ಮೊದಲು ಇದು ಹಾಡಿಗೆ ಒಪ್ಪಲ್ಲ ಅಂದುಕೊಂಡೆ. ಆಮೇಲೆ ಹಾಡು ಹಾಕಿ ಕೇಳಿದೆ. 26 ‘ಐ ನೋ’ ಆದ ತಕ್ಷಣ ಬರೋ ಸಾಲು ಏನು? ಅವಳ ಸಹವಾಸ ಬಿಡಬೇಕು ಅನ್ನೋದು. ಅಂದರೆ ಯಾರೋ ಅವನಿಗೆ ಬುದ್ಧಿ ಹೇಳ್ತಾ ಇದ್ದಾರೆ. ಗೆಳೆಯನೋ, ಅಮ್ಮನೋ, ಅವನದೇ ಮನಸ್ಸೋ. ಅವನು ಗೊತ್ತು ಗೊತ್ತು ಅಂತ ಅವರ ಬಾಯಿ ಮುಚ್ಚಿಸ್ತಾ ಇದ್ದಾನೆ. ಮತ್ತೆ ಮರುಕ್ಷಣ ಅದೇ ಮೊದಲ ಸಾಲಿಗೆ ವಾಪಸ್. ಕನ್ನಡದ ಪದ ಇಟ್ಟುಕೊಂಡು ಹೋದಾಗಲೇ ನನಗೆ ಇದು ಕಂಡಿದ್ದು.

ಹಳೇರೇಡಿಯೋ
ಅಬ್ಬಾ. ಇದಕ್ಕೇ ನಾನು ಈ ಪ್ರಶ್ನೆ ಇಲ್ಲಿ ಹಾಕಿದ್ದು.

ಖಾರದಪುಡಿ
ಪದಪದಾರ್ಥ ಹೇಳಿದ್ದನ್ನ ಒಪ್ಪುತ್ತೀನಿ. ಆದರೆ ಅದು ನನ್ನ ಕಡೆಗೇ ವಾಲುತ್ತೆ. ನೀವೆಲ್ಲ ಇದನ್ನ ಕಳೆದುಹೋದ ಪ್ರೀತಿ, ವಿರಹ ಅಂತ ಕಣ್ಣು ಒದ್ದೆ ಮಾಡಿಕೊಳ್ತಾ ಇದ್ದೀರಿ. ವಿದರ್ಸ್‌ಗೆ ಹಾಡು ಹೊಳೆದಿದ್ದು ಎಲ್ಲಿಂದ? 1962ರ ಒಂದು ಸಿನಿಮಾ, ‘ಡೇಸ್ ಆಫ್ ವೈನ್ ಅಂಡ್ ರೋಸಸ್’. ಜಾಕ್ ಲೆಮನ್, ಲೀ ರೆಮಿಕ್. ಗಂಡ ಹೆಂಡತಿ ಇಬ್ಬರೂ ಕುಡಿತಕ್ಕೆ ಬಿದ್ದವರು. ಒಬ್ಬರು ಎದ್ದರೆ ಇನ್ನೊಬ್ಬರು ಬೀಳ್ತಾರೆ. ಅದನ್ನ ಟಿವಿಯಲ್ಲಿ ನೋಡಿ ಈ ಹಾಡು ಬಂತು ಅಂತ ಅವನೇ ಹೇಳಿದ್ದು. ಒಳ್ಳೇದಲ್ಲ ಅಂತ ಗೊತ್ತಿದ್ದೂ ಮತ್ತೆ ಮತ್ತೆ ಅದನ್ನೇ ಹುಡುಕಿಕೊಂಡು ಹೋಗೋದು, ಇಲಿ ಪಾಷಾಣ ತಿಂದವನು ಇನ್ನೊಂದು ತುತ್ತು ಕೇಳಿದ ಹಾಗೆ ಅನ್ನೋ ಅರ್ಥದ ಮಾತು. ಹಾಗಾದರೆ ಇದು ಪ್ರೀತಿಯ ಹಾಡಲ್ಲ, ಚಟದ ಹಾಡು. ಬಿಸಿಲು ಇರೋ ಕಡೆ ಬಾಟಲಿ ಅಂತ ಇಟ್ಟು ನೋಡಿ, ಒಂದು ಸಾಲೂ ಕೆಡಲ್ಲ.

ಮತ್ತೆ ಹಾಡಿನ ಹಿನ್ನೆಲೆಯಲ್ಲಿ ಬರೋ ಆ ಪಿಟೀಲುಗಳು ಜಾಸ್ತಿ ಸಿಹಿ. ಇದು ನನ್ನ ಖಾಸಗಿ ಸಿಟ್ಟು.

ಹಳೇರೇಡಿಯೋ
ಪಿಟೀಲಿನ ಬಗ್ಗೆ ಮಾತಾಡಲ್ಲ, ನನಗೆ ಇಷ್ಟ. ಚಟದ ವಿಷಯ ಮಾತ್ರ ನೀವು ಅಂದ ಮೇಲೆ ಕೂತು ಯೋಚಿಸಿದೆ. ಒಂದು ಗಮನಿಸಿರಲೇ ಇಲ್ಲ ನಾನು. ಅವಳು ಒಂದೇ ಸಲ ಹೋದವಳಲ್ಲ. ಹೋದಾಗೆಲ್ಲ ಹೀಗೆ, ಪ್ರತಿ ಸಲ ಹೀಗೆ ಅಂತ ಹಾಡು ಹೇಳುತ್ತೆ. ಅಂದರೆ ಹೋಗ್ತಾಳೆ, ಬರ್ತಾಳೆ, ಮತ್ತೆ ಹೋಗ್ತಾಳೆ. ಈ ಸಲ ಬರ್ತಾಳೋ ಇಲ್ವೋ ಅಂತ ಕಾಯೋದಿದೆಯಲ್ಲ, ಅದು ಮುಗಿದು ಹೋದ ದುಃಖಕ್ಕಿಂತ ಕೆಟ್ಟದ್ದು. ಮುಗಿದಿದ್ದರೆ ಅತ್ತು ಏಳಬಹುದು. ಇವನಿಗೆ ಅಳೋಕೂ ಬಿಡುವಿಲ್ಲ.

ಹಾಗಂತ ಪ್ರೀತಿ ಅಲ್ಲ ಅಂತ ನಾನು ಹೇಳಲ್ಲ. ನಾವು ಪ್ರೀತಿಸಿದ್ದೆಲ್ಲ ನಮಗೆ ಒಳ್ಳೇದನ್ನೇ ಮಾಡಿತಾ?

ಖಾರದಪುಡಿ
ಅದಕ್ಕೆ ಉತ್ತರ ಇಲ್ಲಿ ಬರೆದರೆ ಮನೆಯಲ್ಲಿ ಊಟ ಸಿಗಲ್ಲ.

ಮೂರನೇತಂತಿ
ಸ್ವಲ್ಪ ಸ್ವರದ ಕಡೆ ಬರ್ತೀನಿ. ಎ ಮೈನರ್‌ನಲ್ಲಿದೆ. ಟ್ಯೂನ್ ಹೆಚ್ಚಾಗಿ ಮೈನರ್ ಪೆಂಟಾಟೋನಿಕ್ ಸುತ್ತಲೇ ಓಡಾಡುತ್ತೆ. ಆ ಐದು ಸ್ವರ ನಮ್ಮ ಶುದ್ಧ ಧನ್ಯಾಸಿ ರಾಗದ ಸ ಗ ಮ ಪ ನಿ ತಾನೆ? ಗಿಟಾರ್ ಹಿಡಿದ ಮೊದಲ ತಿಂಗಳೇ ಎಲ್ಲರೂ ಇದನ್ನ ಕಲಿಯೋದು, ಅಷ್ಟು ಸುಲಭ. ಕಾರ್ಡ್, ಅಂದರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ನಾಲ್ಕೇ ನಾಲ್ಕು. ನಾನು 20 ವರ್ಷದಿಂದ ಬಾರಿಸ್ತಿದ್ದೀನಿ, ಇನ್ನೂ ಸರಿಯಾಗಿ ಬಂದಿಲ್ಲ.

ತಂಬೂರಿ
ಸ್ವರ ಅವೇ ಇದ್ದ ಮಾತ್ರಕ್ಕೆ ರಾಗ ಆಗಲ್ಲ ಸ್ವಾಮಿ. ಧನ್ಯಾಸಿಗೆ ಅದರದೇ ನಡೆ ಇದೆ, ಗಮಕ ಇದೆ. ಕಂಡ ಕಂಡ ಹಾಡಿಗೆಲ್ಲ ರಾಗದ ಹೆಸರು ಅಂಟಿಸೋದು ನಮ್ಮವರಿಗೆ ಒಂದು ಖುಷಿ.

ಆದರೂ ಹಾಡು ಕೇಳಿದೆ. ಒಂದು ಮಾತು ಹೇಳ್ತೀನಿ. ಆ ‘ಐ ನೋ’ ಭಾಗದಲ್ಲಿ ಅವರು ತಾಳ ಮುರಿಯಲ್ಲ, ಆದರೆ ತಾಳದ ಮೇಲೆ ಕೂರೋದೂ ಇಲ್ಲ. ಒಂದು ಸಲ ಮುಂದೆ ಬೀಳ್ತಾರೆ, ಒಂದು ಸಲ ಹಿಂದೆ ಎಳೀತಾರೆ. ಉಸಿರು ಎಲ್ಲಿ ತೆಗೆದುಕೊಂಡರು ಅಂತ ಹುಡುಕಿದೆ, ಸುಲಭಕ್ಕೆ ಸಿಗಲಿಲ್ಲ. ಚಿಕ್ಕಂದಿನಲ್ಲಿ ತೊದಲುತ್ತಿದ್ದರು ಅಂತ ಮೇಲೆ ಯಾರೋ ಬರೆದಿದ್ದಾರೆ. ಒಂದೇ ಪದದಲ್ಲಿ ಸಿಕ್ಕಿಹಾಕಿಕೊಳ್ಳೋದು ಏನು ಅಂತ ಅವರಿಗೆ ಗೊತ್ತಿತ್ತು. ಅದೇ ಪದವನ್ನ 26 ಸಲ ಒಂದು ಕಡೆಯೂ ತಡವರಿಸದೆ ಹಾಡಿದ್ದಾರೆ. ನನಗೆ ಅಲ್ಲಿ ಕೂದಲು ನಿಂತಿತು.

ಎರಡನೇಶಿಫ್ಟ್
ತಂಬೂರಿ ಸರ್, ತೊದಲಿನ ವಿಷಯ ಬರೆದವನು ನಾನೇ. ಹೀಗೆ ಯೋಚಿಸಿರಲಿಲ್ಲ.

ಗೊಂಬೆಮನೆ
ನಾನು ಈ ಹಾಡಿಗೆ ಸಿಕ್ಕಿದ್ದು ‘ನಾಟಿಂಗ್ ಹಿಲ್’ ಸಿನಿಮಾದಿಂದ. 1999. ಹಾಸ್ಟೆಲ್‌ನಲ್ಲಿ ಸಿಡಿ ಬಾಡಿಗೆಗೆ ತಂದು ಹನ್ನೆರಡು ಹುಡುಗಿಯರು ಒಂದೇ ಕಂಪ್ಯೂಟರ್ ಮುಂದೆ. ಹ್ಯೂ ಗ್ರಾಂಟ್ ಲಂಡನ್ನಿನ ಪೋರ್ಟೊಬೆಲ್ಲೊ ರೋಡ್ ಸಂತೆಯಲ್ಲಿ ಸುಮ್ನೆ ನಡೀತಾ ಹೋಗ್ತಾನೆ. ನಡೀತಾ ನಡೀತಾ ಮಳೆ ಬರುತ್ತೆ, ಹಿಮ ಬೀಳುತ್ತೆ, ಮತ್ತೆ ಬಿಸಿಲು. ಶುರುವಿನಲ್ಲಿ ಒಬ್ಬ ಬಸುರಿ ಹೆಂಗಸು ಕಾಣ್ತಾಳೆ, ಕೊನೆಗೆ ಅವಳ ಕೈಯಲ್ಲಿ ಮಗು. ಇವನ ಮುಖ ಮಾತ್ರ ಹಾಗೇ. ಒಂದು ವರ್ಷ ಒಂದು ಹಾಡಿನಲ್ಲಿ ಕಳೆಯುತ್ತೆ. ಬೇರೆ ಹಾಡು ಹಾಕಿದ್ದರೆ ಆಗ್ತಿತ್ತಾ? ನನಗೆ ಡೌಟು.

ಸಿನಿಮಾದ ಉಳಿದ ಕಥೆ ಅರ್ಧ ಮರೆತಿದ್ದೀನಿ. ಆ ನಡಿಗೆ ಮರೆತಿಲ್ಲ.

ಸಂಜೆವಾಕಿಂಗ್
ನಾನು ಇಲ್ಲಿ ಬರೆಯೋದು ಕಡಿಮೆ. ವಯಸ್ಸು 67, ಮೈಸೂರು. ಇಂಗ್ಲಿಷ್ ಹಾಡಿನ ಹುಚ್ಚು ಕಾಲೇಜಿನಿಂದ ಇದೆ.

ವಿದರ್ಸ್ ಅವರು ತೀರಿಕೊಂಡಿದ್ದು 2020ರ ಮಾರ್ಚ್ 30. ನಮ್ಮಲ್ಲಿ ಲಾಕ್‌ಡೌನ್ ಶುರುವಾಗಿ ಇನ್ನೂ ವಾರ ಆಗಿರಲಿಲ್ಲ. ನನ್ನ ಹೆಂಡತಿ ಮಗಳ ಬಾಣಂತನಕ್ಕೆ ಧಾರವಾಡಕ್ಕೆ ಹೋಗಿದ್ದವಳು ಅಲ್ಲೇ ಉಳಿದುಕೊಂಡಳು. ಮೊದಲ ದಿನ ನನಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ. ನಾಲ್ಕನೇ ದಿನಕ್ಕೆ ಉಪ್ಪು ಯಾವ ಡಬ್ಬದಲ್ಲಿದೆ ಅಂತ ಫೋನ್ ಮಾಡಿ ಕೇಳೋದಾಯಿತು. ಆ ಸುದ್ದಿ ಬಂದ ದಿನ ರಾತ್ರಿ ಈ ಹಾಡು ಹಾಕಿದೆ. ಆಗ ಎಲ್ಲರೂ ಹಂಚಿಕೊಳ್ಳುತ್ತಿದ್ದದ್ದು ಅವರ ಇನ್ನೊಂದು ಹಾಡು, 1972ರ ‘ಲೀನ್ ಆನ್ ಮಿ’. ಅದು ಒಳ್ಳೆಯ ಹಾಡೇ, ಕಷ್ಟಕಾಲಕ್ಕೆ ಹೇಳಿ ಮಾಡಿಸಿದ್ದು. ಆದರೆ ನನಗೆ ಅವತ್ತು ಬೇಕಿದ್ದದ್ದು ಇದು.

40 ವರ್ಷ ಈ ಹಾಡು ಕೇಳಿದ್ದೇನೆ. ಯೌವನದಲ್ಲಿ ಕೇಳುವಾಗ ‘ಅವಳು’ ಅಂದರೆ ಯಾವುದೋ ಹುಡುಗಿ. ಅವತ್ತು ರಾತ್ರಿ ಅಡುಗೆಮನೆಯಲ್ಲಿ ಅವಳ ಕನ್ನಡಕ ಇತ್ತು, ಫ್ರಿಜ್ ಮೇಲೆ. ಮರೆತು ಹೋಗಿದ್ದಳು. ಮೇಲೆ ಒಬ್ಬರು ಭಣಗುಟ್ಟುತ್ತೆ ಅಂದರಲ್ಲ, ಅದು.

ಬಂದಳು, ಎರಡು ತಿಂಗಳ ಮೇಲೆ. ಬಂದವಳು ಮೊದಲು ಕೇಳಿದ್ದು ಕುಕ್ಕರ್ ಗ್ಯಾಸ್ಕೆಟ್ ಎಲ್ಲಿಟ್ಟಿದ್ದೀರಿ ಅಂತ.

ಬಿಸಿಲೂರು
ಸರ್, ನನ್ನ ಹೋಳಿಗಿ ಮಾತು ವಾಪಸ್ ತಗೋತೀನ್ರಿ.

ಸಂಜೆವಾಕಿಂಗ್
ಬೇಡಪ್ಪಾ, ಇರಲಿ. ಹೋಳಿಗೆ ಕಳಿಸು.

ಮೂರನೇತಂತಿ
ಸಂಜೆವಾಕಿಂಗ್ ಸರ್ ಬರೆದಿದ್ದು ಓದಿ ಇನ್ನೊಂದು ನೆನಪಾಯಿತು. ವಿದರ್ಸ್ 1985ರಲ್ಲಿ ಕೊನೆಯ ಆಲ್ಬಮ್ ಮಾಡಿ ಹೊರಗೆ ನಡೆದುಬಿಟ್ಟ. ರೆಕಾರ್ಡ್ ಕಂಪನಿಯವರ ಕಾಟ ಸಾಕಾಗಿತ್ತು. ಬದುಕಿದ್ದು ಇನ್ನೂ 35 ವರ್ಷ. 2015ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ಸ್ಟೀವಿ ವಂಡರ್ ಅವನನ್ನ ಕರೆದು ಪರಿಚಯಿಸಿದರು. ಅಷ್ಟು ವರ್ಷ ಜನ ವಾಪಸ್ ಬಾ ಅಂತ ಕೇಳ್ತಾನೇ ಇದ್ದರು. ಹೋದವನು ಬರಲಿಲ್ಲ.

ಖಾರದಪುಡಿ
ಅಂದರೆ ಅವಳ ಹಾಗೇ.

ಪದಪದಾರ್ಥ
ಮೂರನೇ ಸಲ ಅನುವಾದಕ್ಕೆ ಕೂತಿದ್ದೇನೆ. ಬಿಸಿಲು ಬಿಟ್ಟೆ, ‘ಬೆಳಗೇ ಆಗಲ್ಲ’ ಅಂತ ಇಟ್ಟಿದ್ದೇನೆ. ರಾಯಚೂರಿಗೂ ಮಡಿಕೇರಿಗೂ ಇದು ನಡೆಯುತ್ತಾ ನೋಡಿ. ‘ಗೊತ್ತು’ 26 ಸಲ ಹಾಗೇ ಇದೆ. ನಿನ್ನೆ ಹಾಡಿ ನೋಡಿದೆ, 11ಕ್ಕೆ ಉಸಿರು ಹೋಯಿತು. ಪಕ್ಕದ ರೂಮಿನಿಂದ ಅತ್ತೆ ‘ಏನು ಗೊತ್ತು?’ ಅಂತ ಕೇಳಿದರು.

ಕಾಫಿತೋಟ
‘ಬೆಳಗೇ ಆಗಲ್ಲ’ ನಮ್ಮ ಕಡೆ ಪಾಸ್.

ಬಿಸಿಲೂರು
ನಮ್ಮ ಕಡಿನೂ.

ಸುಮ್ನೆಓದುಗ
ನೀವೆಲ್ಲ ಇಷ್ಟು ಬರೆದ ಮೇಲೆ ಮೊದಲ ಸಲ ವಿದರ್ಸ್ ಹಾಡಿದ್ದನ್ನ ಕೇಳಿದೆ. ಇಯರ್‌ಫೋನ್ ಹಾಕಿ, ಬೆರಳು ಮಡಚಿ ಎಣಿಸಿದೆ. 24 ಬಂತು. ಇನ್ನೊಂದು ಸಲ ಹಾಕಿದೆ, ನಡುವೆ ಎಣಿಸೋದೇ ಮರೆತುಹೋಯ್ತು. ಈಗ ಮತ್ತೆ ಹಾಕ್ತಾ ಇದ್ದೀನಿ.